ಅಲೀಪುರದ ಗ್ಲೈಡಿಂಗ್ ಕ್ಲಬ್ಬು

ಗೌರಿಬಿದನೂರು ತಾಲ್ಲೂಕಿನ ನಮ್ಮ ಅಲೀಪುರದಲ್ಲಿ ಗ್ಲೈಡಿಂಗ್ ಕ್ಲಬ್ ಇಲ್ಲ ಎಂದವರು ಯಾರು? ಭಾನುವಾರ ಹನ್ನೊಂದು ಗಂಟೆಗೆ ತಾರಸಿ ಹತ್ತಿ ನೋಡಿ. ಮಟನ್ ಅಂಗಡಿಯ ಮೇಲೆ ಸದಸ್ಯರೆಲ್ಲ ಹಾಜರು. ಹೆಸರು ಹದ್ದು, ಶುಲ್ಕ ಶೂನ್ಯ.

ಬಿಸಿಲಿಗೆ ಬಂಡೆ, ತಗಡಿನ ಚಾವಣಿ ಕಾದು ಬಿಸಿಗಾಳಿ ಮೇಲೇಳುತ್ತದೆ. ಹದ್ದು ಅದರೊಳಗೆ ಸುತ್ತುಹಾಕುತ್ತ, ರೆಕ್ಕೆ ಬಡಿಯದೆ, ಲಿಫ್ಟಿನಲ್ಲಿ ಹೋದಂತೆ ಏರುತ್ತದೆ. ಗ್ಲೈಡರ್ ಮಾಡುವುದೂ ಇದನ್ನೇ. ಎಂಜಿನ್ ಇಲ್ಲದಿದ್ದರೂ ಒಳ್ಳೆಯ ಗ್ಲೈಡರ್ 1 ಕಿ.ಮೀ. ಇಳಿಯುವಷ್ಟರಲ್ಲಿ 30 ಕಿ.ಮೀ. ಮುಂದೆ ಸಾಗುತ್ತದೆ. ನನ್ನ ಸ್ಕೂಟರು ಪೆಟ್ರೋಲ್ ಕುಡಿದೂ ಇಷ್ಟು ನಿಯತ್ತು ತೋರಿಸಿಲ್ಲ.

ಮನುಷ್ಯರ ಗ್ಲೈಡಿಂಗಿಗೆ ಪುಣೆಯ ಹಡಪ್ಸರ್ ಹೆಸರುವಾಸಿ. ಇಂಥ ಕಡೆ ವಿಂಚ್ ಎಂಬ ಯಂತ್ರ ಉದ್ದನೆಯ ಹಗ್ಗ ಸುತ್ತಿಕೊಳ್ಳುತ್ತ, ಗಾಳಿಪಟದಂತೆ ಗ್ಲೈಡರನ್ನು ಮೇಲಕ್ಕೆಳೆಯುತ್ತದೆ. ಬಿಸಿಗಾಳಿ ಸಿಗದಿದ್ದರೆ ಕೆಲವೇ ನಿಮಿಷದಲ್ಲಿ ನೆಲ. ಆಮೇಲೆ ಅದನ್ನು ಮತ್ತೆ ಸಾಲಿಗೆ ನೂಕಬೇಕು. ಹಾರಾಟ ಚಿಟಿಕೆಯಷ್ಟು, ನೂಕಾಟ ಬುಟ್ಟಿಯಷ್ಟು! ನಮ್ಮ ಬಸ್ ಪ್ರಯಾಣಕ್ಕೂ ಇದೇ ಲೆಕ್ಕ ಬಿಡಿ.

ಹರಳಿನ ವ್ಯಾಪಾರದ ಊರು ನಮ್ಮದು. ಪಕ್ಕದ ಮನೆಯ ಯಜಮಾನರು ಕಲ್ಲು ಪರೀಕ್ಷಿಸುವಂತೆ ಒಂದು ಕಣ್ಣು ಮುಚ್ಚಿ ಆಕಾಶದ ಹದ್ದುಗಳನ್ನು ನೋಡಿದರು. "ಆ ಮೂರನೆಯದು ಜಾತಿಯ ಮಾಲು" ಎಂದರು.

ಮೂರನೆಯದು ಸರ್ರನೆ ಇಳಿದು ನನ್ನ ಕೈಯ ಬೋಂಡಾ ಎತ್ತಿಕೊಂಡು ಹೋಯಿತು. ಶುಲ್ಕ ಶೂನ್ಯವೆಂದು ಮೇಲೆ ಬರೆದದ್ದನ್ನು ತಿದ್ದಿಕೊಳ್ಳಿ.