ಮೋಟಾರುವೈದ್ಯಸಾರಸಂಗ್ರಹವು

ಗ್ರಂಥಾವತರಣ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ದಾರಿದ್ರ್ಯವುಂಟೆಂದು ಆಡಿಕೊಳ್ಳುವವರು ನಮ್ಮ ಪೂರ್ವಿಕರ ಪರಿಶ್ರಮವನ್ನು ಅರಿಯದವರೆಂದೇ ಹೇಳಬೇಕು. ನೆಲದಡಿಯ ನೀರಿನ ಸೆಲೆಯನ್ನು ಕಂಡುಹಿಡಿಯುವ ಬಗೆಯಿಂದ ಮೊದಲುಗೊಂಡು ಅಡುಗೆಯ ಪಾಕದವರೆಗೆ ಸಂಸಾರಿಗೆ ಬೇಕಾದುದೆಲ್ಲವನ್ನೂ ಎರಡನೆಯ ಚಾವುಂಡರಾಯನು 'ಲೋಕೋಪಕಾರ'ದಲ್ಲಿ ಒಟ್ಟುಗೂಡಿಸಿದನು. ಹಸುವಿಗೆ ಬೇನೆ ಬಂದರೆ ಏನು ಮಾಡತಕ್ಕದ್ದೆಂಬುದನ್ನು ಚಾಲುಕ್ಯವಂಶದ ಕೀರ್ತಿವರ್ಮನು 'ಗೋವೈದ್ಯ'ದಲ್ಲಿಯೂ, ಕುದುರೆಗೆ ಬಂದರೆ ಏನು ಮಾಡತಕ್ಕದ್ದೆಂಬುದನ್ನು ಅಭಿನವಚಂದ್ರನು 'ಅಶ್ವವೈದ್ಯ'ದಲ್ಲಿಯೂ ನಿರೂಪಿಸಿದರು. ಆದರೆ ಎತ್ತೂ ಕುದುರೆಯೂ ನೊಗದಿಂದ ಕಳಚಿಕೊಂಡು, ಜನರನ್ನು ಹೊರುವ ಪಾಪಕರ್ಮವೆಲ್ಲ ಮೋಟಾರಿನ ಪಾಲಿಗೆ ಬಂದು ಇಷ್ಟು ಕಾಲ ಕಳೆದರೂ, ಅದರ ರೋಗನಿದಾನವನ್ನು ಹೇಳುವ ಒಂದು ಗ್ರಂಥವೂ ಆ ಪರಂಪರೆಯಲ್ಲಿ ಹುಟ್ಟದೆ ಹೋದುದು ಸರಸ್ವತಿಗೆ ಅವಮಾನ, ಗ್ಯಾರೇಜಿಗೆ ಲಾಭ. ಈ ಎರಡನ್ನೂ ಸರಿಪಡಿಸಬೇಕೆಂಬುದೇ ಪ್ರಸ್ತುತ ಗ್ರಂಥದ ಉದ್ದೇಶ.

ಗ್ರಂಥಕರ್ತನು ತನ್ನ ಯೋಗ್ಯತೆಯನ್ನು ತಾನೇ ಹೇಳಿಕೊಳ್ಳುವುದು ಸಂಪ್ರದಾಯವಾದುದರಿಂದ ಹೇಳುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ, 1089 ಸಿಸಿಯ ಹೃದಯವುಳ್ಳ ಒಂದು ಪ್ರೀಮಿಯರ್ ಪದ್ಮಿನಿಯನ್ನು ಸಾಕಿಕೊಂಡು ಬಂದಿದ್ದೇನೆ. ಅದರಲ್ಲಿ ಹದಿನಾಲ್ಕು ವರ್ಷ ಅದು ಓಡಿಯೂ ಇದೆ. ಉಳಿದ ಎಂಟು ವರ್ಷ ಗುರುಕುಲವಾಸವಾಯಿತು: ಗ್ಯಾರೇಜಿನ ಬೆಂಚಿನ ಮೇಲೆ, ಒಂದು ಕಾಲು ಕುಂಟಾದ ಕಡೆಗೆ ಹಳೆಯ ಪಿಸ್ಟನ್ನನ್ನು ಒತ್ತುಕೊಟ್ಟಿದ್ದ ಆ ಬೆಂಚಿನ ಮೇಲೆ ಕುಳಿತು, 'ಸಂಜೆ ಬನ್ನಿ ಸಾರ್' ಎಂಬ ಮಹಾವಾಕ್ಯದಲ್ಲಿ 'ಸಂಜೆ' ಎಂಬುದಕ್ಕೆ ಯಾವ ದಿನದ ಸಂಜೆಯೆಂದು ಅರ್ಥವಿಸಬೇಕೆಂಬುದನ್ನು ಶ್ರವಣ ಮನನ ನಿದಿಧ್ಯಾಸನಗಳಿಂದ ಶೋಧಿಸಿದ್ದೇನೆ.

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳಬೇಕಷ್ಟೆ. ವಿಷಯವು ಕಾರು. ಅಧಿಕಾರಿಯು, ಕಂಪನಿಯ ವಾರಂಟಿ ಮುಗಿದು ಬ್ಯಾಂಕಿನ ಸಾಲವಿನ್ನೂ ಮುಗಿಯದ ಗೃಹಸ್ಥನು. ಸಂಬಂಧವು, ಮಾಲೀಕನಿಗೂ ಮೆಕ್ಯಾನಿಕ್ಕಿಗೂ ಇರುವ ಋಣಾನುಬಂಧ. ಪ್ರಯೋಜನವನ್ನು ಗ್ರಂಥಾಂತ್ಯದಲ್ಲಿ ಹೇಳಲಾಗುವುದು. ಎಂಜಿನ್ನನ್ನು ಏಕೆ ಬಿಟ್ಟಿರಿ ಎಂದು ಪೂರ್ವಪಕ್ಷಿಯು ಕೇಳಬಹುದು. ಎಂಜಿನ್ನು ಆತ್ಮಸ್ಥಾನೀಯವಾದುದು; ಅದರ ವಿಚಾರವನ್ನು ವೇದಾಂತಿಗಳಿಗೆ ಬಿಟ್ಟು, ದೇಹಕ್ಕೆ ಸೇರಿದ ನಾಡಿ, ಪಾದ, ಚರ್ಮಗಳೆಂಬ ಮೂರು ಖಂಡಗಳನ್ನು ಮಾತ್ರ ಇಲ್ಲಿ ಹೇಳಿದೆ.

ನಾಡೀಖಂಡ

ಪ್ರಾಣಿಗಳಲ್ಲಿ ಬಾಯಿಯೂ ಹೊಟ್ಟೆಯೂ ಒಂದಕ್ಕೊಂದು ನೆರೆಯಲ್ಲಿದ್ದರೆ, ನಮ್ಮ ಪದ್ಮಿನಿಯಲ್ಲಿ ಆಹಾರದ ಭಾಂಡವು ಹಿಂಗಾಲುಗಳ ಬಳಿಯಲ್ಲಿಯೂ ಅದನ್ನು ಜೀರ್ಣಿಸಿಕೊಳ್ಳುವ ಜಠರವು ಮೂಗಿನ ತುದಿಯಲ್ಲಿಯೂ ಇರುವುದನ್ನು ಕಂಡು ಸೃಷ್ಟಿಕರ್ತನ ಅಭಿಪ್ರಾಯವೇನೆಂದು ಜಿಜ್ಞಾಸುಗಳು ಬೆರಗಾಗುತ್ತಾರೆ. ಈ ಎರಡಕ್ಕೂ ನಡುವೆ, ಗಾಡಿಯ ಹೊಟ್ಟೆಯಡಿಯಲ್ಲಿ, ಕೆಸರು ಕಲ್ಲುಗಳ ಏಟನ್ನು ತಿನ್ನುತ್ತ, ಯಾರ ಕಣ್ಣಿಗೂ ಬೀಳದೆ ಹರಿದುಹೋಗುವ ಸಣ್ಣ ಲೋಹದ ಕೊಳವೆಯೂ, ಅದರ ತುದಿಗಳಲ್ಲಿ ಗೇಣುದ್ದದ ರಬ್ಬರ್ ಹೋಸುಗಳೂ, ಅವನ್ನು ಬಿಗಿದ ಕ್ಲಿಪ್ಪುಗಳೂ ಕೂಡಿ ನಾಡಿಯೆನಿಸುತ್ತವೆ.

ನಾಡಿಯ ದೋಷಗಳು ಮೂರು. ಮೊದಲನೆಯದು ವಾತ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಗಾಡಿಯು ಎರಡನೆಯ ಗೇರಿನಲ್ಲಿ ಘಟ್ಟವನ್ನು ಹತ್ತುತ್ತಿರುವಾಗ, ಎಂಜಿನ್ನಿನ ಕಾವಿಗೆ ಪಂಪಿನ ಬಳಿಯ ಪೆಟ್ರೋಲು ಕುದಿದು ಆವಿಯಾಗುತ್ತದೆ. ದ್ರವವನ್ನು ನೂಕಲು ಹುಟ್ಟಿದ ಪಂಪು ಆವಿಯನ್ನು ನೂಕಲಾರದೆ ಬರಿದೆ ಬಾಯಿ ಬಡಿದುಕೊಳ್ಳುತ್ತದೆ. ಗಾಡಿಯು ಎರಡು ಸಲ ಬಿಕ್ಕಿ, ತಿರುವಿನಲ್ಲಿಯೇ ನಿಲ್ಲುತ್ತದೆ. ಇದನ್ನು ಮ್ಲೇಚ್ಛರು ವೇಪರ್ ಲಾಕ್ ಎನ್ನುತ್ತಾರೆ. ಚಿಕಿತ್ಸೆಯು ಜ್ವರ ಬಂದ ಮಗುವಿನದೇ: ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ, ಕಾಲು ಗಂಟೆ ಮರದ ನೆರಳಿನಲ್ಲಿ ಕುಳಿತಿರುವುದು. ಬಟ್ಟೆಯು ಯಾರದು ಎಂಬ ವಿಷಯದಲ್ಲಿ ಮತಭೇದವುಂಟು. ನನ್ನ ಅನುಭವದಲ್ಲಿ ಅದು ಯಾವಾಗಲೂ ನನ್ನ ಟವಲ್ಲೇ ಆಗಿದ್ದಿತು.

ಎರಡನೆಯದು ಕಫ. ಹಳೆಯ ಟ್ಯಾಂಕಿನ ತುಕ್ಕು, ಬಂಕಿನ ಕಸ, ಮಳೆಗಾಲದ ನೀರು, ಇವು ಕೂಡಿ ನಾಡಿಯನ್ನು ಕಟ್ಟುತ್ತವೆ. ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವುದು ಪಥ್ಯ, ಬದಲಿಸದವನಿಗೆ ಉಗ್ರಚಿಕಿತ್ಸೆ. ನನ್ನ ಗುರುವಾದ ಮೆಕ್ಯಾನಿಕ್ಕು ಹೋಸನ್ನು ಕಳಚಿ, ತುದಿಯನ್ನು ಅಂಗಿಯ ಚುಂಗಿನಿಂದ ಒರಸಿ, ಬಾಯಿಗಿಟ್ಟು ಎಳೆದು, ನಾಲಗೆಗೆ ತಗುಲಿದ ಪೆಟ್ರೋಲನ್ನು ಪಕ್ಕಕ್ಕೆ ಉಗಿದು, ಕ್ಷಣಕಾಲ ಕಣ್ಮುಚ್ಚಿ, 'ನೀರು ಸೇರಿದೆ ಸಾರ್' ಎಂದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಡೀಪರೀಕ್ಷೆಯನ್ನು ಹೇಳಿದ ಶಾರ್ಙ್ಗಧರನು ಬೆರಳನ್ನು ಮಾತ್ರ ಬಳಸಿದನು. ಇವನು ನಾಲಗೆಯನ್ನೇ ಪಣವಿಟ್ಟನು. ಶಿಷ್ಯರು ಇದನ್ನು ಅನುಕರಿಸಬಾರದು, ಪೆಟ್ರೋಲು ವಿಷ.

ಮೂರನೆಯದು ಪಿತ್ತ, ಎಂದರೆ ಸೋರಿಕೆ. ಇದು ಅಗ್ನಿಗೆ ಬಂಧು. ಬಿಸಿಯಾದ ಎಂಜಿನ್ನಿನ ಮೇಲೆ ತೊಟ್ಟು ತೊಟ್ಟಾಗಿ ಬೀಳುವ ಪೆಟ್ರೋಲಿಗೆ ಒಂದು ಕಿಡಿ ಸಾಕು. ಇದರ ಕಾರಣಗಳಲ್ಲಿ ಈಚಿನದೊಂದನ್ನು ಹೇಳದಿದ್ದರೆ ಗ್ರಂಥವು ಅಪೂರ್ಣವಾದೀತು. ಜೀವಮಾನವೆಲ್ಲ ಶುದ್ಧ ಪೆಟ್ರೋಲನ್ನು ಕುಡಿದು ಸದಾಚಾರದಲ್ಲಿದ್ದ ಹಳೆಯ ಕಾರುಗಳಿಗೆ, 2025ರ ಹೊತ್ತಿಗೆ, ನೂರಕ್ಕೆ 20 ಭಾಗ ಎಥನಾಲು ಬೆರೆತ ಪಾನೀಯವು ಪ್ರಾಪ್ತವಾಗಿದೆ. ಎಥನಾಲೆಂಬುದು ಬೇರೇನೂ ಅಲ್ಲ, ಸಾಕ್ಷಾತ್ ಸುರೆಯ ಸಾರ. ಮಂಡ್ಯ ಬೆಳಗಾವಿಗಳ ಕಬ್ಬು ಬೆಲ್ಲವಾಗಿ ನಮ್ಮ ಹೊಟ್ಟೆಗೂ ಸುರೆಯಾಗಿ ಕಾರಿನ ಹೊಟ್ಟೆಗೂ ಹೋಗುವ ಕಾಲವಿದು. ಸುರೆಯು ಗಾಳಿಯ ತೇವವನ್ನು ಹೀರಿಕೊಳ್ಳುವುದು. ಅಭ್ಯಾಸವಿಲ್ಲದ ಹಳೆಯ ರಬ್ಬರನ್ನು ಉಬ್ಬಿಸಿ, ಸಡಿಲಿಸಿ, ಸೀಳುವುದು. ಮುಪ್ಪಿನಲ್ಲಿ ಕುಡಿತವನ್ನು ಕಲಿತವನ ನರಗಳಿಗಾಗುವುದೇ ಇದು. ಸುರೆಯನ್ನು ತಾಳಿಕೊಳ್ಳುವ ವೈಟಾನ್ ಎಂಬ ಜಾತಿಯ ರಬ್ಬರಿನ ಹೋಸನ್ನು ಹಾಕಿಸುವುದೇ ಇದಕ್ಕೆ ಮದ್ದು.

ಹೊಸ ಕಾರುಗಳಲ್ಲಿ ಪಂಪು ವೈಶಂಪಾಯನ ಸರೋವರವನ್ನು ಹೊಕ್ಕ ದುರ್ಯೋಧನನಂತೆ ಟ್ಯಾಂಕಿನೊಳಗೇ ಮುಳುಗಿರುತ್ತದೆ. ಸುತ್ತಲಿನ ಪೆಟ್ರೋಲೇ ಅದಕ್ಕೆ ತಂಪು; ಸದಾ ರಿಸರ್ವಿನಲ್ಲಿ ಓಡಿಸುವ ಮಿತವ್ಯಯಿಗಳು ಅದನ್ನು ದಂಡೆಗೆಳೆದು ಸುಡುತ್ತಾರೆ. ಅಂಥ ಗಾಡಿಯ ನಾಡಿಯಲ್ಲಿ ಒತ್ತಡವು ವಾಯುಮಂಡಲದ ಮೂರು ನಾಲ್ಕು ಪಟ್ಟು ಇರುವುದರಿಂದ, ಒತ್ತಡವನ್ನು ಇಳಿಸದೆ ಹೋಸನ್ನು ಕೀಳಹೋದವನಿಗೆ ಅಭ್ಯಂಜನವಾಗುವುದು ನಿಶ್ಚಯ.

ಪಾದಖಂಡ

ಗಾಳಿ ತುಂಬಿದ ಟೈರಿನ ಕರ್ತೃತ್ವದ ವಿಷಯದಲ್ಲಿ, ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬಂಥದೇ ಒಂದು ಜಗಳವುಂಟು. 1888ರಲ್ಲಿ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆಂದು ಡನ್‌ಲಪ್ಪನು ಅದನ್ನು ನಿರ್ಮಿಸಿದನೆಂಬುದು ಲೋಕಪ್ರಸಿದ್ಧಿ. ಆದರೆ ತಾಮ್ಸನ್ ಎಂಬವನು 1845ರಷ್ಟು ಹಿಂದೆಯೇ ಅದಕ್ಕೆ ಪೇಟೆಂಟನ್ನು ಪಡೆದಿದ್ದನೆಂಬುದು ತರುವಾಯ ಬೆಳಕಿಗೆ ಬಂದು, ಡನ್‌ಲಪ್ಪನ ಪೇಟೆಂಟು ಬಿದ್ದುಹೋಯಿತು. ಹೆಸರು ಮಾತ್ರ ಡನ್‌ಲಪ್ಪನದೇ ಉಳಿಯಿತು. ಸಾಹಿತ್ಯದಲ್ಲಿಯೂ ಹೀಗೆಯೇ.

ಟೈರಿನ ಪಕ್ಕೆಯ ಮೇಲಿನ ಶಾಸನವನ್ನು ನಮ್ಮ ಲಿಪಿಶಾಸ್ತ್ರಜ್ಞರು ಉಪೇಕ್ಷಿಸಿರುವುದು ವಿಷಾದಕರ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದಲ್ಲಿ ಕಾಲನಿರ್ದೇಶವಿಲ್ಲದೆ, ಕ್ರಿ.ಶ. 450ರ ಸುಮಾರೆಂದು ಊಹಿಸುವುದಕ್ಕೇ ವಿದ್ವಾಂಸರು ಬೆವರಬೇಕಾಯಿತು; ಟೈರಿನ ಶಾಸನದಲ್ಲಾದರೋ ವಾರವೂ ಸಹ ಉಂಟು. 3521 ಎಂದು ಕೆತ್ತಿದ್ದರೆ 2021ನೆಯ ವರ್ಷದ 35ನೆಯ ವಾರದಲ್ಲಿ ಹುಟ್ಟಿತೆಂದರ್ಥ. ಮುಂದೆ '185/65 ಆರ್ 15 88 ಎಚ್' ಎಂಬ ಪಾಠವಿದೆ. ಅಗಲ 185 ಮಿಲಿಮೀಟರು. ಪಕ್ಕೆಯ ಎತ್ತರ ಆ ಅಗಲದಲ್ಲಿ ನೂರಕ್ಕೆ 65. 'ಆರ್' ಎಂದರೆ ರೇಡಿಯಲ್. ಒಳಬಳೆ 15 ಅಂಗುಲ. 88 ಎಂಬುದು 560 ಕಿಲೋ ಹೊರುವ ಶಕ್ತಿಗೆ ಸಂಕೇತ. 'ಎಚ್' ಎಂಬುದು ಗಂಟೆಗೆ 210 ಕಿಲೋಮೀಟರು ವೇಗಕ್ಕೆ. ಈ ಕೊನೆಯ ಅಕ್ಷರವು ಬೆಂಗಳೂರಿನ ಸಿಲ್ಕ್ ಬೋರ್ಡಿನ ಬಳಿ ವಾಸಿಸುವವರಿಗೆ ಪ್ರಕ್ಷಿಪ್ತವಾಗಿ ತೋರುವುದು ಸಹಜ. ಆದರೆ ಅದು ಮೂಲಪಾಠವೇ ಸರಿ.

ಪಾದದ ಸಾಮುದ್ರಿಕವು ಹೀಗಿದೆ. ಎರಡೂ ಅಂಚು ಸವೆದಿದ್ದರೆ ಮಾಲೀಕನು ಗಾಳಿ ಹಿಡಿಸದ ಆಲಸಿ. ನಡುವಷ್ಟೇ ಸವೆದಿದ್ದರೆ ಅತಿಯಾಗಿ ಹಿಡಿಸಿದ ಉತ್ಸಾಹಿ. ಒಂದೇ ಅಂಚು ಸವೆದಿದ್ದರೆ ಗುಂಡಿಯೊಂದರಲ್ಲಿ ಇಳಿದೆದ್ದು, ಅಲೈನ್‌ಮೆಂಟ್ ತಪ್ಪಿದುದನ್ನು ಮನೆಯವರಿಂದ ಮುಚ್ಚಿಟ್ಟವನು. ತೋಡುಗೆರೆಯ ಆಳವು 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನೂ ಮಳೆಯೂ ಒಟ್ಟಿಗೆ ಕೋಪಿಸಿಕೊಳ್ಳುತ್ತವೆ. ಚಕ್ರದ ನಟ್ಟುಗಳನ್ನು ಸಾಲಾಗಿ ಬಿಗಿಯದೆ, ಚುಕ್ಕಿಯಿಂದ ಎದುರು ಚುಕ್ಕಿಗೆ ಎಳೆ ಹಾಯಿಸಿ ರಂಗೋಲಿಯಿಡುವಂತೆ, ಒಂದನ್ನು ಬಿಗಿದ ಮೇಲೆ ಎದುರಿನದನ್ನು ಬಿಗಿಯಬೇಕು; ಸ್ಪ್ಯಾನರಿನ ಮೇಲೆ ಹತ್ತಿ ಕುಣಿಯುವ ಹುಡುಗನ ಭಕ್ತಿಯನ್ನು ಮೆಚ್ಚಬಹುದಾದರೂ, ಮುಂದೆ ಪಂಕ್ಚರಾದ ರಾತ್ರಿ ಆ ನಟ್ಟನ್ನು ಬಿಚ್ಚಬೇಕಾದವನು ಅವನಲ್ಲ.

ನೈಟ್ರೋಜನ್ ಎಂಬ ದಿವ್ಯೌಷಧಿಯ ವಿಚಾರವಾಗಿ ಪ್ರಶ್ನೆಗಳು ಬರುತ್ತಿವೆ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಭಾಗ ಅದೇ ಇದೆ. ಆದುದರಿಂದ ಹಣ ತೆತ್ತು ಪಡೆಯುವುದು ಮಿಕ್ಕ 22 ಭಾಗದ ಶುದ್ಧಿಯನ್ನು ಮಾತ್ರವೆಂದು ತಿಳಿದು, ದಾನಬುದ್ಧಿಯುಳ್ಳವರು ಹಿಡಿಸಿಕೊಳ್ಳಬಹುದು.

ಚರ್ಮಖಂಡ

ವರ್ಣವಿಚಾರವು ನಮ್ಮ ದೇಶದಲ್ಲಿ ಯಾವಾಗಲೂ ಸೂಕ್ಷ್ಮವಾದುದು. ಹೆನ್ರಿ ಫೋರ್ಡನು ತನ್ನ ಟಿ ಮಾದರಿಯನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಮಾರಿ ಅದ್ವೈತವನ್ನು ಸ್ಥಾಪಿಸಿದನು; ಆ ಅವಧಿಯ ಕೊನೆಗೆ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣ ಬಂದು, ವಾರಗಟ್ಟಲೆಯ ಕೆಲಸವು ದಿನಗಳಿಗಿಳಿದು, ನಾನಾತ್ವವು ಜಯಿಸಿತು.

ಇಂದಿನ ಕಾರಿನ ಚರ್ಮದಲ್ಲಿ ವರ್ಣಗಳು ನಾಲ್ಕು: ಪ್ರೈಮರು ತುಕ್ಕನ್ನು ತಡೆಯುತ್ತದೆ, ಸರ್ಫೇಸರು ಏರುತಗ್ಗುಗಳನ್ನು ಸಮಮಾಡುತ್ತದೆ, ಬೇಸ್ ಕೋಟು ಬಣ್ಣವನ್ನು ಕೊಡುತ್ತದೆ, ಕ್ಲಿಯರ್ ಕೋಟು ಹೊಳಪನ್ನು ಕೊಡುತ್ತದೆ. ಎಲ್ಲ ಸೇರಿದರೂ ಒಂದೆರಡು ತಲೆಗೂದಲಿನ ದಪ್ಪ. ಈ ಚಾತುರ್ವರ್ಣ್ಯದಲ್ಲಿಯೂ ತಳದಲ್ಲಿರುವುದು ದುಡಿಯುತ್ತದೆ, ಮೇಲಿರುವುದು ಮೆರೆಯುತ್ತದೆ.

ಚಿಕಿತ್ಸಾಕ್ರಮವು ದೀರ್ಘವಾದುದು. ಟಿಂಕರನು ಮರದ ಸುತ್ತಿಗೆಯಿಂದ ತಗ್ಗನ್ನು ಬಡಿದೆತ್ತುವನು. ಏಳದುದನ್ನು ಪುಟ್ಟಿಯಿಂದ ಮುಚ್ಚುವನು. ಆಮೇಲೆ ನೀರು ಚಿಮುಕಿಸುತ್ತ ಉಜ್ಜುಕಾಗದದಿಂದ 400, 800 ಎಂಬ ಕ್ರಮದಲ್ಲಿಯೂ, ಬಣ್ಣ ಬಿದ್ದು ಒಣಗಿದ ಮೇಲೆ 1200, 2000 ಎಂಬ ಕ್ರಮದಲ್ಲಿಯೂ ತೀಡುವನು. ಸಂಖ್ಯೆ ಏರಿದಷ್ಟೂ ಒರಟುತನ ಇಳಿಯುವುದು ಈ ಕಾಗದದ ವೈಶಿಷ್ಟ್ಯ. ಮನುಷ್ಯರ ವಯಸ್ಸಿಗೆ ಈ ನಿಯಮವು ಅನ್ವಯಿಸುವುದಿಲ್ಲ. ಪುಟ್ಟಿಯ ಪ್ರಮಾಣವನ್ನು ಅರಿಯಬಯಸುವವರು ಜೇಬಿನಲ್ಲಿ ಒಂದು ಅಯಸ್ಕಾಂತವನ್ನಿಟ್ಟುಕೊಳ್ಳಲಿ. ತಗಡಿಗೆ ಅದು ಅಂಟುವುದು, ದಪ್ಪ ಪುಟ್ಟಿಗೆ ಅಂಟದು. ಹಳೆಯ ಕಾರನ್ನು ಕೊಳ್ಳುವಾಗ ಇದಕ್ಕಿಂತ ಸತ್ಯಸಂಧನಾದ ಸಾಕ್ಷಿ ದೊರೆಯಲಾರನು. ಇನ್ನು ಬಣ್ಣದ ಸ್ಥಿರತೆಯ ವಿಷಯಕ್ಕೆ ಬಂದರೆ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರಿನ ಬಣ್ಣದ ಕಾರ್ಖಾನೆಯು 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಮಸಿಯನ್ನು ಒದಗಿಸುತ್ತಿದೆಯಷ್ಟೆ. ಉಜ್ಜಿದರೂ ತೊಳೆದರೂ ಹೋಗದ ಬಣ್ಣವೆಂದರೆ ನಾನು ಕಂಡಂತೆ ಅದೊಂದೇ.

ದೃಷ್ಟಾಂತವೂ ಫಲಶ್ರುತಿಯೂ

ಶಾಸ್ತ್ರಕ್ಕೆ ದೃಷ್ಟಾಂತವಿಲ್ಲದೆ ಪ್ರಾಮಾಣ್ಯವಿಲ್ಲ. ಕೆಲವು ವರ್ಷಗಳ ಹಿಂದೆ ಆಯುಧಪೂಜೆಗೆ ಮೊದಲು, 'ಹೋಸು ಒಣಗಿದೆ ಸಾರ್, ಬದಲಾಯಿಸಿಬಿಡಲೇ' ಎಂದು ಗುರುವು ಕೇಳಿದಾಗ, 'ಮುಂದಿನ ಸಲ ನೋಡೋಣ' ಎಂದು ಹೇಳಿ, ಇದ್ದ 38,000 ರೂಪಾಯಿಯನ್ನೂ ಬಣ್ಣಕ್ಕೆ ಸುರಿದೆನು. ಪದ್ಮಿನಿಯು ಮದುವಣಗಿತ್ತಿಯಾಗಿ ಹೊರಬಂದಳು. ನೆರೆಯವರು ಬಾಗಿಲಿನಲ್ಲಿ ತಮ್ಮ ಮುಖವನ್ನು ನೋಡಿಕೊಂಡು ತಲೆಬಾಚಿಕೊಂಡರು. ಆ ವಾರವೇ ಧರ್ಮಸ್ಥಳಕ್ಕೆ ಹೋಗಿ ಹಿಂದಿರುಗುವಾಗ, ಚಾರ್ಮಾಡಿ ಘಟ್ಟದ ನಡುವೆ ಪೆಟ್ರೋಲಿನ ವಾಸನೆಯು ಮೂಗಿಗೆ ಬಡಿಯಿತು. ಬಾನೆಟ್ಟನ್ನು ಎತ್ತಿ ನೋಡಿದರೆ, ಕ್ಲಿಪ್ಪಿನ ಅಂಚಿನಲ್ಲಿ ಹೋಸು ಹಳೆಯ ಚಪ್ಪಲಿಯ ಉಂಗುಷ್ಟದಂತೆ ಸೀಳಿ, ಹನಿಗಳು ಒಂದೊಂದಾಗಿ ಎಂಜಿನ್ನಿನ ಮೇಲೆ ಬಿದ್ದು ಆವಿಯಾಗುತ್ತಿದ್ದುವು. ಮಂಜು ಇಳಿಯುತ್ತಿತ್ತು. ಹಾದುಹೋಗುತ್ತಿದ್ದ ಜೀಪಿನವನೊಬ್ಬನು ಇಳಿದು, ತನ್ನ ಸೀಟಿನಡಿಯಿಂದ ಒಂದು ತುಂಡು ಹೋಸನ್ನು ಹೊರತೆಗೆದು, ಗೇಣುದ್ದ ಕೊಯ್ದು, ಕೂರಿಸಿ, ಕ್ಲಿಪ್ಪನ್ನು ಬಿಗಿದನು. ಎಷ್ಟಾಯಿತೆಂದು ಕೇಳಿದೆ. 'ಅರವತ್ತು ರೂಪಾಯಿ ಹೋಸು ಸ್ವಾಮಿ, ಬಿಡಿ' ಎಂದನು. ಆಮೇಲೆ ಗಾಡಿಯನ್ನು ಸುತ್ತ ನೋಡಿ, 'ಬಣ್ಣ ಚೆನ್ನಾಗಿ ಹೊಡೆದಿದ್ದಾರೆ' ಎಂದನು.

ಈ ಗ್ರಂಥದ ಮೂರು ಖಂಡಗಳೂ ಆ ಎರಡು ವಾಕ್ಯಗಳಿಗೆ ಬರೆದ ಭಾಷ್ಯವೆಂದು ತಿಳಿಯತಕ್ಕದ್ದು. ಕಾಣುವ ಚರ್ಮಕ್ಕೆ ಸಾವಿರಗಳನ್ನು ಚೆಲ್ಲಿ, ಕಾಣದ ನಾಡಿಗೆ ಅರವತ್ತು ರೂಪಾಯಿಯನ್ನು ಲೆಕ್ಕಹಾಕುವವನಿಗೆ ಯಾವ ಶಾಸ್ತ್ರವೂ ಫಲಿಸದು. ಆದುದರಿಂದ ಓದುಗರಲ್ಲಿ ಬಿನ್ನಹವಿಷ್ಟೆ: ಈ ಭಾನುವಾರ ಕಾರನ್ನು ತೊಳೆಯುವ ಮೊದಲು ಬಾನೆಟ್ಟನ್ನೆತ್ತಿ, ಎಂಜಿನ್ನು ತಣ್ಣಗಿರುವಾಗ ಆ ಹೋಸನ್ನು ಒಮ್ಮೆ ಬಗ್ಗಿಸಿ ನೋಡಿ. ಬಿರುಕು ಕಂಡರೆ ಅಂದೇ ಬದಲಿಸಿ. ತೊಳೆಯುವುದು ಮುಂದಿನ ಭಾನುವಾರಕ್ಕಾದರೂ ನಡೆಯುತ್ತದೆ.