ಲಿಂಕಿನ ಅಲಂಕಾರ ಪ್ರಸಂಗ

ಗೋಡೆಯ ಬಣ್ಣ, ಕಿಟಕಿ ಪರದೆಯ ಬಣ್ಣ, ಕಡೆಗೆ ನನ್ನ ಅಂಗಿಯ ಬಣ್ಣ ಕೂಡ ನನ್ನನ್ನು ಕೇಳಿ ತೀರ್ಮಾನವಾಗುವುದಿಲ್ಲ. ನಿಮ್ಮ ಮನೆಯಲ್ಲೂ ಅಷ್ಟೇ ಅಂತ ಗೊತ್ತು, ಮುಚ್ಚಿಡಬೇಡಿ. ಅದಕ್ಕೇ ನಮ್ಮಾಕೆ ಅಡುಗೆಯ ವೆಬ್‌ಸೈಟ್ ಶುರುಮಾಡಿದಾಗ, ಲಿಂಕುಗಳ ಬಣ್ಣವಾದರೂ ನನ್ನ ಪಾಲಿಗಿರಲಿ ಅಂತ ವೆಬ್‌ಪುಟಗಳ ವೇಷಭೂಷಣ ನೋಡಿಕೊಳ್ಳುವ ಸಿಎಸ್‌ಎಸ್ ಹಿಡಿದು ಕೂತೆ.

ಲಿಂಕು ಅಂದರೆ ನೀಲಿ, ಕೆಳಗೊಂದು ಗೆರೆ. ಒಮ್ಮೆ ಒತ್ತಿದರೆ ನೇರಳೆ. 1993ರ ಮೊಸಾಯಿಕ್ ಬ್ರೌಸರಿನ ಕಾಲದ ಫ್ಯಾಷನ್ನು ಅದು. 1996ರಲ್ಲಿ ಸಿಎಸ್‌ಎಸ್ ಬಂದು ‘ನಿಮ್ಮಿಷ್ಟದಂತೆ ಬದಲಾಯಿಸಿಕೊಳ್ಳಿ’ ಅಂದಮೇಲೂ ಹಳೇ ನೀಲಿಗೇ ಅಂಟಿಕೊಳ್ಳಲು ನನ್ನಂಥ ರಸಿಕನಿಗೆ ಸಾಧ್ಯವೇ? ‘ಟೆಕ್ಸ್ಟ್-ಡೆಕೊರೇಷನ್: ನನ್’ ಅಂತ ಬರೆದು ಗೆರೆ ಕಿತ್ತೆಸೆದೆ. ಬಣ್ಣ ತಿಳಿಬೂದು. ಎಂಥಾ ಗಾಂಭೀರ್ಯ! ಅತ್ತೆಯವರು ಕನ್ನಡಕ ಒರೆಸಿದರು, ಆಮೇಲೆ ಪರದೆಯನ್ನೂ ಒರೆಸಿ, “ಅಳಿಯಂದ್ರೇ, ಇದರಲ್ಲಿ ಒತ್ತೋದು ಎಲ್ಲಿ?” ಅಂದರು.

“ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕಪ್ಪಾ” ಅಂದಳು ಮಗಳು, ಉಗುರು ಕಚ್ಚುತ್ತಾ.

ಹಳೇ ಬಣ್ಣದ ಜೊತೆ ಗೆರೆಯೂ ವಾಪಸು ಬಂತು, ತಂಟೆಯನ್ನೂ ಕರೆತಂತು. ನಮ್ಮ ತಿಂಡಿಗಳಿಗೆ ಒತ್ತಕ್ಷರವಿಲ್ಲದೆ ರುಚಿಯೇ ಇಲ್ಲ: ಉಪ್ಪಿಟ್ಟು, ಒಬ್ಬಟ್ಟು, ಅಕ್ಕಿರೊಟ್ಟಿ. ಒತ್ತು ಸಿಕ್ಕಿದಲ್ಲೆಲ್ಲ ಬ್ರೌಸರು ಗೆರೆಯನ್ನು ತುಂಡರಿಸಿ ದಾಟುತ್ತದೆ. ಒಬ್ಬಟ್ಟಿನ ಕೆಳಗೆ ಉಳಿದದ್ದು ಗೆರೆಯ ಚೂರುಪಾರು. ‘ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್’ ಹೆಚ್ಚಿಸಿ ಕೆಳಗಿಳಿಸಿದೆ. ಅದು ನೇರ ಹೋಗಿ ಕೆಳಗಿನ ಸಾಲಿನ ತಲೆಯ ಮೇಲೆ ಕೂತಿತು.

“ಕನ್ನಡದ ಒಬ್ಬಟ್ಟನ್ನ ಹಿಂದಿ ಮಾಡಿಟ್ರಲ್ಲ!” ಅಂದಳು ನಮ್ಮಾಕೆ.

ಮೌಸ್ ತಾಗಿದರೆ ಲಿಂಕು ದಪ್ಪಗಾಗಲಿ ಅಂತ ‘ಹೋವರ್’ಗೆ ‘ಬೋಲ್ಡ್’ ಕೊಟ್ಟೆ. ಸಾಲಿನ ತುದಿಯಲ್ಲಿದ್ದ ‘ಹಾಗಲಕಾಯಿ ಗೊಜ್ಜು’ ದಪ್ಪಗಾದದ್ದೇ ಜಾಗ ಸಾಲದೆ ಕೆಳಗಿನ ಸಾಲಿಗೆ ಹಾರಿತು. ಮೌಸ್ ತಪ್ಪಿತು, ತೆಳ್ಳಗಾಗಿ ಮೇಲೆ ಬಂತು, ಮತ್ತೆ ಮೌಸ್ ತಾಗಿತು, ಮತ್ತೆ ಹಾರಿತು. ಒತ್ತಲು ಯಾರಿಂದಲೂ ಆಗಲಿಲ್ಲ. ಇದೊಂದನ್ನು ಮಾತ್ರ ರಿಪೇರಿ ಮಾಡುವ ಗೋಜಿಗೆ ನಾನು ಹೋಗಲಿಲ್ಲ.

ಸಕ್ಕರೆ ಕಾಯಿಲೆಯ ನನಗೆ ಜಾಮೂನು ತಿನ್ನುವುದು ನಿಷಿದ್ಧ, ಓದುವುದಲ್ಲವಲ್ಲ! ಎಲ್ಲರೂ ಮಲಗಿದ ಮೇಲೆ ಪಾಕದ ಹದ ಓದಿ ಬಾಯಿ ಚಪ್ಪರಿಸುತ್ತಿದ್ದೆ. ಬೆಳಿಗ್ಗೆ ನೋಡಿದರೆ ಜಾಮೂನು, ಕಾಯಿ ಹೋಳಿಗೆ, ಮೈಸೂರುಪಾಕ್ ಎಲ್ಲ ನೇರಳೆ. ನಾವು ಯಾವ ಲಿಂಕು ಒತ್ತಿದ್ದೇವೆಂದು ಕಂಡವರ ಸೈಟುಗಳು ಇಣುಕಬಾರದೆಂದು ಬ್ರೌಸರುಗಳು 2010ರ ಸುಮಾರಿನಿಂದಲೇ ಬಿಗಿ ಮಾಡಿವೆ. ‘ವಿಸಿಟೆಡ್’ ಲಿಂಕಿಗೆ ಬಣ್ಣ ಬಿಟ್ಟು ಹೆಚ್ಚೇನೂ ಮಾಡುವಂತಿಲ್ಲ. ಊರ ಕಳ್ಳರಿಂದ ನನ್ನ ಗುಟ್ಟು ಕಾಯ್ದವು, ಸರಿ. ಹೆಂಡತಿಗೆ ಆ ಬಣ್ಣವೇ ಸಾಕಾಯಿತು.

ಒತ್ತಿದ್ದಕ್ಕೂ ಒತ್ತದ್ದಕ್ಕೂ ಒಂದೇ ಹಸಿರು ಬಳಿದು ‘!ಇಂಪಾರ್ಟೆಂಟ್’ ಅಂತ ಮೊಳೆ ಹೊಡೆದೆ. ಮಗಳು ನಕ್ಕು, ಮನೆಯ ಕಂಪ್ಯೂಟರಿನ ಫೈರ್‌ಫಾಕ್ಸಿಗೆ ಅಮ್ಮನದೇ ಒಂದು ಸ್ಟೈಲ್‌ಶೀಟ್ ಹಾಕಿಕೊಟ್ಟಳು. ಪುಟ ಬರೆದವನ ಇಂಪಾರ್ಟೆಂಟಿಗಿಂತ ನೋಡುವವರ ಇಂಪಾರ್ಟೆಂಟೇ ಮೇಲು. ಸಿಎಸ್‌ಎಸ್ ಕಾನೂನೇ ಹಾಗಂತೆ. ಜಾಮೂನು ಈ ಸಲ ಕಡುಗೆಂಪಾಗಿ ಹೊಳೆಯಿತು.

ಆ ಮಧ್ಯಾಹ್ನ ತಟ್ಟೆಗೆ ಬಿದ್ದದ್ದು ಹಾಗಲಕಾಯಿ ಗೊಜ್ಜು. ರೆಸಿಪಿ ಬರೆದವಳಿಗೆ ಲಿಂಕು ಒತ್ತುವ ಅಗತ್ಯವೇ ಇಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.