ಎದೆಗೆ ಇಸಿಜಿ, ತಲೆಗೆ ಹಣೆಬರಹ

2025ರ ಜುಲೈ ಮೊದಲ ವಾರ. ಹಾಸನದಲ್ಲಿ ನಲವತ್ತು ದಿನದೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿ ಅಂತ ಟೀವಿಯವರು ಗಂಟಲು ಹರಿದುಕೊಳ್ಳುತ್ತಿದ್ದರು. ಮೈಸೂರಿನ ನಮ್ಮ ಎದುರುಮನೆ ಯಜಮಾನರ ಎಡಗೈ ಜುಮ್ಮೆನ್ನತೊಡಗಿದ್ದು ಸರಿಯಾಗಿ ಆಗಲೇ. ಜಯದೇವ ಆಸ್ಪತ್ರೆಯಲ್ಲಿ ಜನಜಾತ್ರೆ, ಬೇಗ ಹೋಗದಿದ್ದರೆ ಪಾಳಿ ಸಿಗಲ್ಲ ಎಂದು ನಸುಕಿನಲ್ಲೇ ಸ್ಕೂಟರ್ ಹೊರತೆಗೆದರು. ಹಿಂದೆ ಹೆಂಡತಿ, ಕಾಲ ಸಂದಿಯಲ್ಲಿ ಹಳೇ ರಿಪೋರ್ಟುಗಳ ಚೀಲ, ಮೊಣಕೈಯಲ್ಲಿ ಹೆಲ್ಮೆಟ್ಟು.

"ಅದು ತಲೆಗೆ ಹಾಕೋದು, ಸಾರ್" ಎಂದೆ.

"ಇಷ್ಟೊತ್ತಿಗೆ ಪೊಲೀಸ್ನೋರು ಎಲ್ಲಿರ್ತಾರೆ ಬಿಡಿ."

ಅಂದರೆ ಯಮ ಖಾಕಿ ತೊಟ್ಟು ಸರ್ಕಲ್ಲಿನಲ್ಲಿ ನಿಂತಿರುತ್ತಾನೆ, ಅವನ ಡ್ಯೂಟಿ ಒಂಬತ್ತಕ್ಕೆ ಶುರು. ನಾನೇನು ಕಡಿಮೆಯಲ್ಲ. ಕಾರಿನ ಕುಂಯ್ ಕುಂಯ್ ಸದ್ದಡಗಿಸಲು ಸೀಟ್ ಬೆಲ್ಟಿನ ಬರೀ ಕೊಕ್ಕೆ ತಂದು ಸಿಕ್ಕಿಸಿ, ಸಿಗ್ನಲ್ಲಿನಲ್ಲಿ ನಿಂತಾಗ ವಾಚಿನಲ್ಲಿ ನಾಡಿ ನೋಡಿಕೊಂಡವನು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ದಿನಕ್ಕೆ ನಾನೂರ ಅರವತ್ತರ ಮೇಲೆ. ಹೆಲ್ಮೆಟ್ ಇಲ್ಲದೆ ಹೋದವರೇ ಐವತ್ತು ಸಾವಿರ. ಇದನ್ನು ಕೇಳಿ ಯಾರ ತಲೆಯೂ ಜುಮ್ಮೆನ್ನಲಿಲ್ಲ. ಯಾವ ಹೆಲ್ಮೆಟ್ ಅಂಗಡಿಯ ಮುಂದೆಯೂ ನಸುಕಿನಲ್ಲಿ ಪಾಳಿ ಹತ್ತಲಿಲ್ಲ. ರಸ್ತೆಯಲ್ಲಿ ಸಾಯುವವರು ಯಾವತ್ತಿದ್ದರೂ ಬೇರೆಯವರು, ಅದೂ ಗಾಡಿ ಓಡಿಸಲು ಬಾರದವರು.

2021ರ ಅಕ್ಟೋಬರ್‌ನಲ್ಲಿ ನಟ ಅಪ್ಪು ಹೃದಯಾಘಾತದಿಂದ ತೀರಿಕೊಂಡಾಗಲೂ ಯಜಮಾನರು ಎದೆ ಹಿಡಿದುಕೊಂಡು ಓಡಿದ್ದರು. ಬಂದವರೇ ಎಲ್ಲ ಜಿಮ್ಮಿನಿಂದಲೇ ಎಂದು ಜಿಮ್ ಬಿಟ್ಟರು. ಸಿಗರೇಟು? ಅದು ಮೂವತ್ತು ವರ್ಷದ ಗೆಳೆತನ, ಅದರ ಮೇಲೆ ಅನುಮಾನ ಪಡುವುದು ಸಭ್ಯತೆಯೇ? ಜಿಮ್ಮಿಗೆ ಸೇರಿ ಆಗಿದ್ದು ಬರೀ ಎರಡು ವಾರ.

ಈ ಸಲವೂ ಇಸಿಜಿ ನಾರ್ಮಲ್. ಆಸ್ಪತ್ರೆ ಗೇಟಿನಾಚೆ ಬಂದು ಖುಷಿಗೆ ಒಂದು ಹಚ್ಚಿದರಂತೆ. ಮನೆಗೆ ಬಂದಾಗ ಹೆಲ್ಮೆಟ್ಟು ಇನ್ನೂ ಮೊಣಕೈಯಲ್ಲೇ ಇತ್ತು, ಒಂದು ಗೀರೂ ಬೀಳದೆ.

ಅಷ್ಟರಲ್ಲಿ ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿ, ಹಾಸನದ 24 ಸಾವುಗಳ ಕಡತ ಬಿಚ್ಚಿಸಿತು. ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು ವರದಿ. ಬಿಪಿ, ಶುಗರ್, ಧೂಮಪಾನ ಎಂದು ಹಳೇ ಹೆಸರುಗಳನ್ನೇ ಹೇಳಿತು. 24ರಲ್ಲಿ ನಾಲ್ಕು ಹೃದಯದ ಸಾವುಗಳೇ ಅಲ್ಲವಂತೆ.

ಆ ನಾಲ್ಕರಲ್ಲಿ ಒಂದು ರಸ್ತೆ ಅಪಘಾತ.